ವಾಟರ್‌ಮಾರ್ಕ್ ಹೋಯಿತು, ದೃಷ್ಟಿಬೊಟ್ಟು ಉಳಿಯಿತು

2013ರ ಹೊತ್ತಿಗೆ ಯಲಹಂಕದ ಹಳೇ ಪೇಟೆಯಲ್ಲಿ ನಾನು ಸ್ಟುಡಿಯೋ ತೆರೆದು ಇಪ್ಪತ್ತೊಂದು ವರ್ಷವಾಗಿತ್ತು. ಫಿಲ್ಮ್ ಹೋಗಿ ಡಿಜಿಟಲ್ ಬಂದಿತ್ತು. ಡಾರ್ಕ್‌ರೂಮ್ ಇದ್ದ ಜಾಗದಲ್ಲಿ ಕಂಪ್ಯೂಟರ್ ಕೂತಿತ್ತು. ಆ ವರ್ಷ ನಾನೂ ನಾಲ್ಕು ಜನರಂತೆ ಸ್ಟುಡಿಯೋ ಹೆಸರಿನಲ್ಲಿ ಆನ್‌ಲೈನ್ ಪೇಜ್ ಒಂದನ್ನು ಮಾಡಿದೆ. ವಾರಕ್ಕೆರಡು ಚೆಂದದ ಫೋಟೋ ಹಾಕುವುದು, ನೋಡಿದವರು ಹುಡುಕಿಕೊಂಡು ಬರುವುದು, ಇಷ್ಟೇ ನನ್ನ ಯೋಚನೆ.

ಮೊದಲ ತಿಂಗಳಲ್ಲೇ ಜಕ್ಕೂರು ಕೆರೆಯಲ್ಲಿ ನಾನು ತೆಗೆದ ಪೆಲಿಕನ್ ಹಕ್ಕಿ ಯಾವುದೋ ಅಪಾರ್ಟ್‌ಮೆಂಟಿನ ಜಾಹೀರಾತಿನಲ್ಲಿ ಹಾರುತ್ತಿತ್ತು. ಮೈ ಉರಿದುಹೋಯಿತು. ಅಂದಿನಿಂದ ವಾಟರ್‌ಮಾರ್ಕ್ ಶುರುಮಾಡಿದೆ. ವಾಟರ್‌ಮಾರ್ಕ್ ಅಂದರೆ ಚಿತ್ರದ ಮೇಲೆ ತೆಳುವಾಗಿ, ಹಿಂದಿನದು ಕಾಣುವಂತೆ ಮೂಡಿಸುವ ಹೆಸರು. ಅದನ್ನು ನಟ್ಟನಡುವೆ ಹಾಕಿದರೆ ಕಳ್ಳನಿಗೂ ಕಷ್ಟ, ನೋಡುವವರಿಗೂ ಕಷ್ಟ. ಮೂಲೆಗೆ ಹಾಕಿದರೆ ಅಂದ, ಆದರೆ ಕ್ರಾಪ್ ಮಾಡಿ, ಅಂದರೆ ಅಂಚು ಕತ್ತರಿಸಿ, ಎಸೆಯಬಹುದು. ನಾನು ಅಂದಕ್ಕೆ ಸೋತು ಬಲಗಡೆಯ ಕೆಳಮೂಲೆಗೆ ಹಾಕಿದೆ. ಚಿತ್ರದ ಅಗಲವನ್ನು 960 ಪಿಕ್ಸೆಲ್‌ಗೆ ಇಳಿಸಿದೆ. ಇಷ್ಟು ಸಣ್ಣದನ್ನು ಕದ್ದು ಯಾರು ಏನು ಮಾಡಿಯಾರು ಎಂಬ ಧೈರ್ಯ!

ಇದರ ಜೊತೆಗೆ ನನ್ನದೊಂದು ಹಳೇ ಚಾಳಿ ಇತ್ತು. ನನಗೆ ಕೆಲಸ ಕಲಿಸಿದ ಗುರುಗಳು ಅಂಗಡಿಯ ಗಾಜಿನ ಶೋಕೇಸಿಗೆ ಇಡುವ ಪ್ರತಿ ಮುಖಕ್ಕೂ ರೀಟಚಿಂಗ್ ಪೆನ್ಸಿಲಿನಿಂದ ಎಡದವಡೆಯ ಹತ್ತಿರ ಒಂದು ಕಪ್ಪು ಚುಕ್ಕೆ ಇಡುತ್ತಿದ್ದರು. "ಬೀದಿ ಕಡೆ ಮುಖ ಮಾಡಿರೋ ಫೋಟೋಗೆ ದೃಷ್ಟಿಬೊಟ್ಟು ಇರ್ಬೇಕು ಕಣಯ್ಯಾ, ದಿನಕ್ಕೆ ಎಷ್ಟು ಕಣ್ಣು ಬೀಳ್ತವೆ!" ಎನ್ನುತ್ತಿದ್ದರು. ಮನೆಗೆ ಕೊಡುವ ಪ್ರಿಂಟಿಗೆ ಮಾತ್ರ ಇಡುತ್ತಿರಲಿಲ್ಲ. ಹೆಣ್ಣಿನ ಫೋಟೋದಲ್ಲಿ ಇಲ್ಲದ ಮಚ್ಚೆ ಕಂಡರೆ ಗಂಡಿನ ಕಡೆಯವರು ನೂರು ಪ್ರಶ್ನೆ ಕೇಳುತ್ತಾರೆ. ಕಂಪ್ಯೂಟರ್ ಬಂದ ಮೇಲೂ ನಾನು ಅದನ್ನು ಬಿಡಲಿಲ್ಲ. ಪೇಜಿಗೆ ಹೋಗುವ ಪ್ರತಿ ಮುಖಕ್ಕೂ ಎಂಟು ಪಿಕ್ಸೆಲ್‌ನ ಒಂದು ಬೊಟ್ಟು. ನನ್ನ ಹೆಂಡತಿ ನೋಡಿ ನಗುತ್ತಿದ್ದಳು. ನಗಲಿ ಬಿಡಿ.

ಆಗಸ್ಟಿನಲ್ಲಿ ಚಿಕ್ಕಜಾಲದ ಮುನಿಯಪ್ಪನವರು ಮಗಳು ಚೈತ್ರಾಳನ್ನು ಕರೆದುಕೊಂಡು ಬಂದರು. ಹುಡುಗಿ ಹೆಬ್ಬಾಳದ ಆಸ್ಪತ್ರೆಯೊಂದರಲ್ಲಿ ಲ್ಯಾಬ್ ಟೆಕ್ನಿಷಿಯನ್. ಗಂಡಿನ ಕಡೆಗೆ ಕಳಿಸಲು ಫೋಟೋ ಬೇಕಿತ್ತು. ಹಸಿರು ಸೀರೆ, ತಡೆದು ತಡೆದು ಬಂದ ಅರ್ಧ ನಗು. ಹನ್ನೊಂದನೇ ಕ್ಲಿಕ್ಕಿಗೆ ಸಿಕ್ಕಿತು. ಅಪ್ಪ ಪ್ರಿಂಟ್ ಒಯ್ದರು. ನಾನು ಅದೇ ವಾರ ಚಿತ್ರವನ್ನು ಪೇಜಿಗೂ ಹಾಕಿದೆ. ಅವರನ್ನು ಕೇಳಲಿಲ್ಲ. ಶೋಕೇಸಿನಲ್ಲಿ ಇಡುವಾಗ ಯಾರನ್ನು ಕೇಳಿದ್ದೆವು? ಇಟ್ಟರೆ ಜನ ನೆಂಟರನ್ನು ಕರೆತಂದು ತೋರಿಸುತ್ತಿದ್ದರು.

ನವೆಂಬರಿನ ಒಂದು ಬೆಳಿಗ್ಗೆ ಮುನಿಯಪ್ಪ ಒಬ್ಬರೇ ಬಂದರು. ಚಪ್ಪಲಿಯನ್ನೂ ಬಿಡಲಿಲ್ಲ.

"ಏನ್ ಸ್ವಾಮಿ ಇಂಗಾಗೋಯ್ತು? ಏರ್‌ಪೋರ್ಟ್ ರೋಡಲ್ಲಿ ನನ್ ಮಗ್ಳು ಬೋರ್ಡ್ ಮ್ಯಾಲೆ ನಿಂತವ್ಳೆ! ಎಂಗ್ ಓಯ್ತು ಅಲ್ಲಿಗೆ ಆ ಪೋಟೋ, ಏಳಿ!"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನನ್ನ ಸ್ಥಿತಿ ಅದೇ ಆಯಿತು. ಅವರ ಜೊತೆ ಹೋಗಿ ನೋಡಿದೆ. ಯಾವುದೋ ಬ್ಯೂಟಿ ಕ್ಲಿನಿಕ್ಕಿನ ಹತ್ತಡಿ ಅಗಲದ ಫ್ಲೆಕ್ಸ್. 'ಹದಿನೈದೇ ದಿನದಲ್ಲಿ ಹೊಳೆಯುವ ಚರ್ಮ' ಎಂಬ ಸಾಲಿನ ಪಕ್ಕ ಚೈತ್ರಾಳ ಅರ್ಧ ನಗು. ನನ್ನ ಹೆಸರಿದ್ದ ಮೂಲೆ ಮಾಯ. ಅಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. "ನೆಟ್ಟಲ್ಲಿ ಸಿಕ್ತು ಸಾರ್, ಯಾರ ಹೆಸ್ರೂ ಇರ್ಲಿಲ್ಲ" ಎಂದ ಆ ಮಹಾನುಭಾವ. ನಾನು ಬೈದ ಬೈಗುಳವನ್ನು ಇಲ್ಲಿ ಬರೆಯುವಂತಿಲ್ಲ. ಮಧ್ಯಾಹ್ನದೊಳಗೆ ಇಳಿಸುತ್ತೇವೆ ಎಂದರು, ಇಳಿಸಿದರು.

ಆದರೆ ಆಗಬಾರದ್ದು ಆಗಿತ್ತು. ಚೈತ್ರಾಳಿಗೆ ಜಕ್ಕೂರಿನ ಸಂಬಂಧ ಕುದುರಿತ್ತು, ಹುಡುಗ ಅವಳಿಗೂ ಮೆಚ್ಚುಗೆಯಾಗಿದ್ದ, ನಿಶ್ಚಿತಾರ್ಥಕ್ಕೆ ಹತ್ತೇ ದಿನ ಉಳಿದಿತ್ತು. ಹುಡುಗನ ದೊಡ್ಡಪ್ಪ ನಾರಾಯಣಪ್ಪ ಆ ಮನೆಯ ಯಜಮಾನರು. ಕಾರಿನಲ್ಲಿ ಹೋಗುವಾಗ ಬೋರ್ಡ್ ನೋಡಿದ್ದರು. ಹುಡುಗಿ ಜಾಹೀರಾತಿಗೆ ನಿಲ್ಲುವವಳು, ನಮ್ಮಿಂದ ಮುಚ್ಚಿಟ್ಟರು, ಈ ಸಂಬಂಧ ಬೇಡ ಎಂದುಬಿಟ್ಟಿದ್ದರು.

ಮರುದಿನ ಲ್ಯಾಪ್‌ಟಾಪ್ ಹಿಡಿದುಕೊಂಡು ನಾರಾಯಣಪ್ಪನವರ ಮನೆಗೆ ಹೋದೆ. ಮುನಿಯಪ್ಪನ ಜೊತೆ ಚೈತ್ರಾಳೂ ಬಂದಳು. ಹೆಣ್ಣುಮಗಳು ಯಾಕೆ ಎಂದವರಿಗೆ "ಮಾತು ನನ್ ವಿಷ್ಯದ್ದು ತಾನೆ?" ಎಂದಳಂತೆ. ನಾನು ಕ್ಯಾಮೆರಾದ ಮೂಲ ಫೈಲ್ ತೆರೆದು, ತೆಗೆದ ದಿನಾಂಕ ತೋರಿಸಿ, ಚಿತ್ರ ನನ್ನದು ಎಂದೆ.

ನಾರಾಯಣಪ್ಪ ಜಗ್ಗಲಿಲ್ಲ. "ಫೋಟೋ ನೀವೇ ತೆಗ್ದಿದ್ದು, ಸರಿ ಕಣ್ರೀ. ಹುಡ್ಗಿನೇ ಅದನ್ನ ಕ್ಲಿನಿಕ್‌ನೋರಿಗೆ ಕೊಟ್ಟಿಲ್ಲ ಅಂತ ಏನ್ ಗ್ಯಾರಂಟಿ?"

ಚಿತ್ರ ಯಾರು ತೆಗೆದರು ಎಂಬುದಕ್ಕೆ ನನ್ನಲ್ಲಿ ಸಾಕ್ಷಿ ಇತ್ತು. ಅದು ಬೋರ್ಡಿಗೆ ಯಾವ ದಾರಿಯಲ್ಲಿ ಹೋಯಿತು ಎಂಬುದಕ್ಕೆ ಇರಲಿಲ್ಲ. ಪೇಜಿನಲ್ಲಿ ಇತ್ತು ಎಂದರೂ ಅಲ್ಲಿಂದಲೇ ಹೋಯಿತು ಎಂದು ಹೇಗೆ ತೋರಿಸುವುದು? ಅಷ್ಟರಲ್ಲಿ ಅವರೇ ಮುಂದುವರಿಸಿದರು.

"ಇನ್ನೊಂದು. ಬೋರ್ಡಲ್ಲಿ ಹುಡ್ಗಿ ದವಡೆ ಹತ್ರ ಕಾಸಗಲ ಮಚ್ಚೆ ಇದೆ. ನಮಗೆ ಕೊಟ್ಟ ಫೋಟೋದಲ್ಲಿ ಇಲ್ಲ. ಅದನ್ನೂ ಅಳಿಸಿ ಕೊಟ್ರಿ!"

ಅಯ್ಯೋ ನನ್ನಪ್ಪಾ, ಮಚ್ಚೆ! ನಾನಿಟ್ಟ ಎಂಟು ಪಿಕ್ಸೆಲ್‌ನ ಬೊಟ್ಟು ಹತ್ತಡಿಯ ಬೋರ್ಡಿನಲ್ಲಿ ಹಿಗ್ಗಿ ಕಾಸಗಲವಾಗಿತ್ತು. ಚೈತ್ರಾ ಎಡದವಡೆ ಕಾಣುವಂತೆ ಕಿಟಕಿಯ ಬೆಳಕಿಗೆ ಮುಖ ತಿರುಗಿಸಿ ಕೂತಳು. ಮಚ್ಚೆ ಎಲ್ಲಿದೆ? ನಾನು ಎರಡೂ ಚಿತ್ರಗಳನ್ನು ಅಕ್ಕಪಕ್ಕ ತೆರೆದೆ.

"ಮನೆಗೆ ಕೊಟ್ಟಿದ್ರಲ್ಲಿ ಇಲ್ಲ, ನನ್ನ ಪೇಜಿಗೆ ಹಾಕಿದ್ರಲ್ಲಿ ಮಾತ್ರ ಇದೆ. ಈ ಚುಕ್ಕೆ ಇಟ್ಟೋನು ನಾನು. ಹುಡ್ಗಿ ಕೊಟ್ಟಿದ್ರೆ ಬೋರ್ಡಲ್ಲಿ ಇದು ಇರ್ತಾನೇ ಇರ್ಲಿಲ್ಲ. ಅವರು ಕದ್ದಿದ್ದು ನನ್ನ ಪೇಜಿಂದ. ಅಲ್ಲಿಗೆ ಹಾಕಿದ್ದು ನಾನು, ಇವ್ರನ್ನ ಒಂದು ಮಾತೂ ಕೇಳ್ದೆ. ತಪ್ಪು ನಂದು."

ನಾರಾಯಣಪ್ಪ ಕನ್ನಡಕ ಒರೆಸಿಕೊಂಡು ಬಗ್ಗಿ ನೋಡಿದರು. ಹಿಂದೆ ಕೂತಿದ್ದ ಅವರ ತಾಯಿಯೂ ಎದ್ದು ಬಂದು ಇಣುಕಿದರು. "ಥೂ ನಿನ್ ಬುದ್ಧಿಗಿಷ್ಟು! ದಿಷ್ಟಿಬೊಟ್ಟು ಕಣೋ ಅದು. ನಿಂಗೂ ಇಕ್ತಿದ್ದೆ, ಐದು ವರ್ಷ ಆಗೋಗಂಟ!" ಎಂದು ಅಜ್ಜಿ ನಕ್ಕಾಗ ಮನೆಯೆಲ್ಲ ನಕ್ಕಿತು. ಯಜಮಾನರೂ ಸೋತು ನಕ್ಕರು, ಕಾಫಿ ಬಂತು, ನಿಶ್ಚಿತಾರ್ಥ ಅದೇ ದಿನಕ್ಕೆ ಉಳಿಯಿತು.

ನಗದೆ ಇದ್ದವಳು ಚೈತ್ರಾ ಒಬ್ಬಳೇ. ಗೇಟಿನ ಬಳಿ ನನ್ನನ್ನು ನಿಲ್ಲಿಸಿದಳು.

"ಅಂಕಲ್, ಫೋಟೋ ಯಾರ್ದು ಅಂತ ಗೊತ್ತಾಗ್ಲಿ ಅಂತ ನಿಮ್ ಹೆಸ್ರು ಹಾಕಿದ್ರಿ. ಮುಖ ಯಾರ್ದು ಅಂತ ಯೋಚ್ನೆ ಮಾಡ್ಲೇ ಇಲ್ವಾ?"

ಪೆಲಿಕನ್ ಚಿತ್ರ ಕಳುವಾದಾಗ ಊರೆಲ್ಲ ಬೈದುಕೊಂಡು ತಿರುಗಿದವನು ನಾನು. ನಿಜವಾಗಿ ನಾಚಿಕೆಯಾಯಿತು.

ಅಂದೇ ಪೇಜಿನಿಂದ ಮುಖಗಳನ್ನೆಲ್ಲ ತೆಗೆದೆ, ಒಟ್ಟು ಅರವತ್ತನಾಲ್ಕು. ಉದ್ದನೆಯ ನೋಟ್‌ಬುಕ್ ತಂದು ಗೆರೆ ಎಳೆದೆ: ಹೆಸರು, ಫೋಟೋ ಪೇಜಿಗೆ ಹಾಕಬಹುದೇ, ಸಹಿ. ಮುಂದೆ ವಾಟರ್‌ಮಾರ್ಕನ್ನು ಮೂಲೆಯಿಂದ ನಡುವಿಗೂ ತಂದೆ. ಅದು ನನ್ನ ಚಿತ್ರವನ್ನು ಕಳ್ಳರಿಂದ ಒಂದಿಷ್ಟು ಕಾಯುತ್ತದೆ. ಚಿತ್ರದಲ್ಲಿರುವ ಮುಖವನ್ನು ನನ್ನಿಂದ ಕಾಯುವುದು ಆ ನೋಟ್‌ಬುಕ್. 2019ರಲ್ಲಿ ಸ್ಟುಡಿಯೋ ಮುಚ್ಚಿದಾಗ ಕ್ಯಾಮೆರಾಗಳನ್ನು ಕೊಟ್ಟುಬಿಟ್ಟೆ, ಇದನ್ನು ಮಾತ್ರ ಮನೆಗೆ ತಂದೆ.

ಅದರ ಮೊದಲ ಸಾಲು ಚೈತ್ರಾಳದು. ಮದುವೆಯ ಫೋಟೋಗೆ ನನ್ನನ್ನೇ ಗೊತ್ತುಮಾಡಲು ಬಂದವಳ ಮುಂದೆ ಪುಸ್ತಕ ತಳ್ಳಿದ್ದೆ. 'ಬೇಡ' ಎಂದು ದಪ್ಪಕ್ಷರದಲ್ಲಿ ಬರೆದು ಸಹಿ ಹಾಕಿದಳು. ಆಮೇಲೆ ಪೆನ್ನಿನ ತುದಿಯನ್ನು ಪುಟದ ಮೂಲೆಗೆ ಒತ್ತಿ ತಿರುವಿ ಒಂದು ಕಪ್ಪು ಚುಕ್ಕೆ ಇಟ್ಟಳು.

"ನಿಮ್ ಪುಸ್ತಕಕ್ಕೂ ದೃಷ್ಟಿ ಆಗ್ಬಾರ್ದಲ್ವಾ ಅಂಕಲ್," ಎಂದು ಆಗ ನಕ್ಕಳು.