ಡಿಲೀಟ್ ಆದ ಗಿರಿಜಾ

‘ಯಾರಾದರೂ ಕಣ್ಣು ಮುಚ್ಚಿದರೇ?’

ಕ್ಯಾಮೆರಾ ಕೇಳಿತು. ಇಂಗ್ಲಿಷಿನಲ್ಲಿ, ಬಹಳ ವಿನಯದಿಂದ, ಹಿಂಬದಿಯ ಪುಟ್ಟ ಪರದೆಯ ಮೇಲೆ ಅಕ್ಷರ ಮೂಡಿಸಿ.

ಅದಕ್ಕೇನು ಗೊತ್ತು? ಎದುರಿಗೆ ಕೂತಿದ್ದ ಗಿರಿಜಾ ಬೆಳಗಿನ ಜಾವವೇ ತೀರಿಕೊಂಡಿದ್ದಳು. ಎದೆ ನೋವು ಅಂದಳಂತೆ. ಆಟೋ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ನನ್ನ ಹಳೇ ಸ್ನೇಹಿತ ರುದ್ರೇಶನ ಹೆಂಡತಿ. ಭದ್ರಾವತಿಯ ಕಾಗದನಗರದಲ್ಲಿ ಅವರ ಕ್ವಾರ್ಟರ್ಸು. ಸುದ್ದಿ ಬಂದ ತಕ್ಷಣ ಶಿವಮೊಗ್ಗದಿಂದ ಬಸ್ ಹತ್ತಿದೆ. ನಾನು ಹೋಗುವ ಹೊತ್ತಿಗೆ ಅವಳಿಗೆ ಸ್ನಾನ ಮಾಡಿಸಿ, ಹಸಿರು ಸೀರೆ ಉಡಿಸಿ, ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ. ಎಡಗೈಯಲ್ಲಿ ಲಿಂಗ. ಗಲ್ಲ ಜಾರದ ಹಾಗೆ ಬಿಳಿ ಬಟ್ಟೆಯ ಪಟ್ಟಿ.

ನಮ್ಮ ಕಡೆಯ ಲಿಂಗಾಯತರ ಮನೆಗಳಲ್ಲಿ ಹೀಗೆ ಕೂರಿಸಿದ ಮೇಲೆ ಫೋಟೋ ಆಗಲೇಬೇಕು. ಬಂದವರೆಲ್ಲ ಪಕ್ಕದಲ್ಲಿ ಕೂತು ಒಂದೊಂದು ತೆಗೆಸಿಕೊಳ್ಳಬೇಕು. ಮೊದಲಾದರೆ ಸ್ಟುಡಿಯೋದವರು ಬಂದು, ರೀಲು ಮುಗಿದೀತೆಂಬ ಭಯದಲ್ಲಿ, ಎರಡೋ ಮೂರೋ ಹೊಡೆದು ಹೋಗುತ್ತಿದ್ದರು. ಈಗ ಮನೆಯಲ್ಲೇ ಡಿಜಿಟಲ್ ಕ್ಯಾಮೆರಾ ಇದೆ. ರೀಲಿನ ಹಂಗಿಲ್ಲ. ರುದ್ರೇಶನ ತಮ್ಮ ಮಹೇಶ ಬಟನ್ ಒತ್ತಿದ್ದೇ ಒತ್ತಿದ್ದು. ಕಣ್ಣು ಕೆಂಪಗೆ ಬರಬಾರದೆಂದು ಫ್ಲಾಶು ಮೊದಲೇ ಒಂದೆರಡು ಸಲ ಮಿಣುಕುತ್ತಿತ್ತು. (ಯಾರ ಕಣ್ಣು?) ಪ್ರತಿ ಸಲವೂ ಪರದೆಯ ಮೇಲೆ ಅದೇ ಪ್ರಶ್ನೆ. ಮಹೇಶನ ಹೆಬ್ಬೆರಳು ಅಭ್ಯಾಸಬಲದಿಂದ ಡಿಲೀಟ್ ಕಡೆ ಹೋಗುತ್ತಿತ್ತು, ಹಿಂದೆ ಬರುತ್ತಿತ್ತು.

ನಾನು ಅವನ ಬೆನ್ನ ಹಿಂದೆಯೇ ನಿಂತಿದ್ದೆ. ಆ ಯಂತ್ರವನ್ನು ಕಿತ್ತುಕೊಂಡು ಹೊರಗೆ ಎಸೆಯಬೇಕು ಅನ್ನಿಸಿತು.

ನಿಜವಾದ ಸಂಕಟ ಶುರುವಾಗಿದ್ದು ಮಣ್ಣು ಮಾಡಿ ಬಂದ ಮೇಲೆ. ಶಿವಗಣಾರಾಧನೆಯ ದಿನ ಹಾರ ಹಾಕಿಡಲು ಒಂದು ಫೋಟೋ ಬೇಕಲ್ಲ? ಮುಂದೆ ಗೋಡೆಗೆ ತೂಗುಹಾಕಲು? ಹುಡುಕಿದರು. ಆ ಕ್ಯಾಮೆರಾದ ಕಾರ್ಡಿನಲ್ಲಿ, ಆ ಬೆಳಗಿನವನ್ನು ಬಿಟ್ಟರೂ, ನೂರಾರು ಫೋಟೋ. ಆನೆ ಇದೆ. ಜೋಗ ಇದೆ. ಭದ್ರಾ ಡ್ಯಾಮಿನ ಹಿಂದೆ ಮುಳುಗುವ ಸೂರ್ಯ, ನಾನಾ ಬಣ್ಣಗಳಲ್ಲಿ, ನೋಡಿ ನೋಡಿ ಬೇಜಾರಾಗುವಷ್ಟು. ಹಿತ್ತಲಿನ ದಾಸವಾಳದ ಮೇಲೆ ಕೂತ ಇರುವೆ ಕೂಡ ಇದೆ.

ಗಿರಿಜಾ ಇಲ್ಲ.

ಮದುವೆ ಆಲ್ಬಮ್ ತೆಗೆದರು. ಅದರಲ್ಲಿ ತಲೆ ತಗ್ಗಿಸಿ ಕೂತ, ಕಡ್ಡಿಯಂಥ ಒಬ್ಬ ಹುಡುಗಿ. ‘ಇದು ನಮ್ಮಮ್ಮ ಅಲ್ಲ’ ಅಂದಳು ಮಗಳು ಸ್ಫೂರ್ತಿ. ಹತ್ತನೇ ಕ್ಲಾಸಿನ ಹುಡುಗಿ, ಅವಳು ಹುಟ್ಟುವ ಮೊದಲಿನ ಮುಖ ಅದು, ಅವಳಿಗೆ ಹೇಗೆ ಅಮ್ಮ ಆದೀತು? ಇನ್ನು ವೋಟರ್ ಕಾರ್ಡು. ಅದರ ಫೋಟೋದಲ್ಲಿ ನಿಮ್ಮನ್ನು ನೀವೇ ಗುರುತು ಹಿಡಿದಿದ್ದೀರಾ? ಹಾಗಾದರೆ ನೀವು ಪುಣ್ಯವಂತರು.

ಎಲ್ಲಿ ಹೋದಳು ಗಿರಿಜಾ? ನನಗೆ ಸ್ವಲ್ಪ ಗೊತ್ತಿತ್ತು. ಹೋದ ಚಳಿಗಾಲದಲ್ಲಿ ಅವರ ಜೊತೆ ಸಕ್ರೆಬೈಲಿಗೆ ಹೋಗಿದ್ದೆ. ಬೆಳಗಿನ ಮಂಜು, ತುಂಗೆಯಲ್ಲಿ ಆನೆಗಳ ಸ್ನಾನ. ರುದ್ರೇಶನಿಗೆ ಹೊಸ ಕ್ಯಾಮೆರಾದ ಹುಚ್ಚು ನೆತ್ತಿಗೇರಿತ್ತು. ‘ಗಿರಿಜಾ, ಸ್ವಲ್ಪ ಆಚೆ ಹೋಗೇ. ಫ್ರೇಮಿಗೆ ಬರ್ತಿದೀಯ. ಲ್ಯಾಂಡ್‌ಸ್ಕೇಪಲ್ಲಿ ಜನ ಇರಬಾರ್ದು ಮಾರಾಯ್ತಿ’ ಅನ್ನುತ್ತಿದ್ದ. ಅವಳು ತಿಂಡಿಯ ಬ್ಯಾಗು ಹಿಡಿದುಕೊಂಡು ಆಚೆ ಹೋಗುತ್ತಿದ್ದಳು. ಕೊನೆಗೊಮ್ಮೆ ಕರುಣೆ ಬಂದು ಅವಳನ್ನು ನಿಲ್ಲಿಸಿ ಹೊಡೆದರೆ, ಫ್ಲಾಶಿಗೆ ಅವಳ ಕಣ್ಣು ಮುಚ್ಚಿಹೋಗುತ್ತಿತ್ತು. ಯಾವಾಗಲೂ. ಎಲ್ಲರೂ ಪರದೆ ನೋಡಿ ನಗುವುದು. ಅವಳೂ ನಗುವುದು.

ಪೋರ್ಟ್ರೇಟ್ ಹೇಗೆ ತೆಗೀಬೇಕು ಸಾರ್ ಅಂತ ನೀವು ಈ ಅಂಕಣಕ್ಕೆ ಪತ್ರ ಬರೆಯುತ್ತೀರಿ. ಫ್ಲಾಶ್ ಆಫ್ ಮಾಡಿ. ಎರಡು ಹೆಜ್ಜೆ ಹಿಂದೆ ಸರಿದು ಸ್ವಲ್ಪ ಜೂಮ್ ಮಾಡಿ, ಮೂಗು ಊದಿಕೊಂಡಂತೆ ಕಾಣುವುದಿಲ್ಲ. ಒಂದು ಕಿಟಕಿಯ ಬೆಳಕು ಸಾಕು. ಗಿರಿಜಾ ದಿನಾ ಬೆಳಗ್ಗೆ ಅಡುಗೆಮನೆಯ ಕಿಟಕಿ ಪಕ್ಕವೇ ನಿಂತು ರೊಟ್ಟಿ ತಟ್ಟುತ್ತಿದ್ದಳು. ಅದಕ್ಕಿಂತ ಒಳ್ಳೇ ಬೆಳಕು ಯಾವ ಕಾಡಿನಲ್ಲೂ ಸಿಗುತ್ತಿರಲಿಲ್ಲ. ಆದರೆ ರೊಟ್ಟಿ ತಟ್ಟುವವರ ಫೋಟೋ ಯಾರು ತೆಗೀತಾರೆ?

ಕೊನೆಗೆ ಮಹೇಶ ಆ ಹೆಣದ ಫೋಟೋವನ್ನೇ ಒಂದು ಸ್ಟುಡಿಯೋಗೆ ಒಯ್ದ. ಈಗ ಇದೊಂದು ಕಸುಬೇ ಆಗಿದೆ. ಸ್ಟುಡಿಯೋದವನು ಕಂಪ್ಯೂಟರಿನಲ್ಲಿ ಗಲ್ಲದ ಪಟ್ಟಿ ಬಿಚ್ಚಿದ, ವಿಭೂತಿ ಒರೆಸಿದ, ಕುಂಕುಮ ಇಟ್ಟ. ಮುಖವನ್ನು ನಾಲ್ಕು ಪಟ್ಟು ಬೆಳ್ಳಗೆ ಮಾಡಿದ. ಹಿಂದೆ ಹಿಮದ ಬೆಟ್ಟ, ಅದರ ಕೆಳಗೆ ನೀಲಿ ಸರೋವರ. ಆಮೇಲೆ ಕಣ್ಣು ತೆರೆಸಿದ. ಹೇಗೆ ಅಂತೀರಾ? ಬೇರೆ ಯಾರದೋ ಕಣ್ಣು ತಂದು ಕೂರಿಸಿದ. ಅವನ ಹತ್ತಿರ ಅಂಥ ಕಣ್ಣುಗಳ ದಾಸ್ತಾನೇ ಇರುತ್ತದೆ.

ಶಿವಗಣಾರಾಧನೆಯ ದಿನ ಬಂದವರೆಲ್ಲ ಕೈಮುಗಿದು, ‘ಜೀವ ಇದ್ದಂಗೇ ಇದೆ ನೋಡ್ರಿ’ ಅಂದರು. ಸ್ಫೂರ್ತಿ ಬಹಳ ಹೊತ್ತು ನೋಡಿದಳು. ‘ಈ ಕಣ್ಣು ಯಾರ್ದು?’ ಅಂತ ಕೇಳಿದಳು. ಮಹೇಶ, ‘ನಿಮ್ಮಮ್ಮಂದೇ ಪುಟ್ಟಿ’ ಅಂದ. ಅವಳು ಎದ್ದು ಒಳಗೆ ಹೋದವಳು ಊಟಕ್ಕೂ ಬರಲಿಲ್ಲ. ಅಪ್ಪ ಕರೆಯಲೂ ಹೋಗಲಿಲ್ಲ. ಆ ಮನೆಯಲ್ಲಿ ಅಪ್ಪ ಮಗಳು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ ಎಂಬುದನ್ನು ನಾನು ಆವತ್ತೇ ಗಮನಿಸಿದೆ. ದುಃಖ ಅಂದುಕೊಂಡೆ.

ಕೆಲವು ದಿನ ಬಿಟ್ಟು ರುದ್ರೇಶ ಶಿವಮೊಗ್ಗಕ್ಕೆ, ದುರ್ಗಿಗುಡಿಯ ನಮ್ಮ ಮನೆಗೆ ಬಂದ. ಗಡ್ಡ ಬಿಟ್ಟಿದ್ದ. ಜೇಬಿನಿಂದ ಕರವಸ್ತ್ರದ ಗಂಟು ತೆಗೆದ. ಒಳಗೆ ಕ್ಯಾಮೆರಾದ ಕಾರ್ಡು.

‘ಅಳಿಸಿದ್ದು ವಾಪಸ್ ಬರುತ್ತಂತಲ್ಲ. ನೀನು ಬರೀತಿರ್ತೀಯಲ್ಲ, ಇದರ ಬಗ್ಗೆ ಗೊತ್ತಿರುತ್ತೆ ನಿಂಗೆ.’

‘ಬಂದರೂ ಬರಬಹುದು. ನೋಡೋಣ.’

‘ಎಲ್ಲಾ ನಾನೇ ಅಳಿಸಿದ್ದು ಮಾರಾಯ. ಕಣ್ಣು ಮುಚ್ಚಿದೀಯ, ಚೆನ್ನಾಗಿಲ್ಲ ಅಂತ, ಅವಳ ಎದುರಿಗೇ. ಅವಳು ಸರಿ ಬಿಡಿ ಅನ್ನೋಳು.’ ಖಾಲಿ ಕರವಸ್ತ್ರವನ್ನು ಮತ್ತೆ ಮಡಚಿದ. ‘ಸ್ಫೂರ್ತಿಗೆ ಮಾತ್ರ ಹೇಳಬೇಡ. ಅಮ್ಮನ ಮುಖಾನೇ ಇಲ್ಲದಂಗೆ ಮಾಡಿದೆ ಅಂತ ಅವಳು ನನ್ನ ಜನ್ಮದಲ್ಲಿ ಕ್ಷಮಿಸಲ್ಲ.’

ಹೇಳುವುದಿಲ್ಲ ಅಂತ ಮಾತು ಕೊಟ್ಟೆ.

ಡಿಲೀಟ್ ಅಂದರೆ ಏನು ಗೊತ್ತೇ? ಬಾಡಿಗೆ ಮನೆಗೆ ‘ಖಾಲಿ ಇದೆ’ ಅಂತ ಬೋರ್ಡು ಹಾಕುವುದು, ಅಷ್ಟೇ. ಸಾಮಾನು ಒಳಗೇ ಇರುತ್ತದೆ. ಹೊಸ ಬಾಡಿಗೆಯವರು ಬಂದಾಗ ಹಳೆಯದನ್ನು ಹೊರಗೆ ಹಾಕಲಾಗುತ್ತದೆ. ಅವರ ಮನೆಯಲ್ಲಿ ಕಂಪ್ಯೂಟರ್ ಇಲ್ಲ, ಆ ಕಾರ್ಡೇ ಅವರ ಆಲ್ಬಮ್ಮು, ಖಾಲಿ ಮಾಡಿದ್ದೇ ಇಲ್ಲ. ಹಾಗಾಗಿ ನನಗೆ ಆಸೆ ಇತ್ತು. ಇದಕ್ಕೆಂದೇ ಇರುವ ಸಾಫ್ಟ್‌ವೇರ್ ಹಾಕಿ, ಕರೆಂಟು ಹೋಗದಿರಲಪ್ಪ ಅಂತ ಬೇಡಿಕೊಂಡು, ಮಧ್ಯಾಹ್ನವೆಲ್ಲ ಕೂತೆ.

ಆ ಖಾಲಿ ಜಾಗಕ್ಕೆ ಬಾಡಿಗೆಗೆ ಬಂದವರು ಯಾರು? ಮಹೇಶ ಆ ಬೆಳಗ್ಗೆ ತೆಗೆದ ಫೋಟೋಗಳು. ಹೆಣದ ಪಕ್ಕ ಅತ್ತೆ, ಹೆಣದ ಪಕ್ಕ ಷಡ್ಡಕ, ಹೆಣದ ಪಕ್ಕ ಹೆಸರೇ ಗೊತ್ತಿಲ್ಲದ ಯಾರೋ. ಸತ್ತ ಗಿರಿಜಾ ಬಂದು ಬದುಕಿದ್ದ ಗಿರಿಜಾಳನ್ನು ಒಬ್ಬೊಬ್ಬಳನ್ನಾಗಿ ಆಚೆ ಹಾಕಿದ್ದಳು.

ಒಂದು ಚೂರು ಮಾತ್ರ ಉಳಿದಿತ್ತು. ಸಕ್ರೆಬೈಲಿನದು. ಮೇಲೆ ಮಂಜು, ಮರಗಳು, ಆನೆಯೊಂದರ ಬೆನ್ನು. ಅದರ ಕೆಳಗೆ ಎಣ್ಣೆ ಹಚ್ಚಿ ಬಾಚಿದ ತಲೆ, ನೇರ ಬೈತಲೆ, ಕಿವಿಯ ಹಿಂದಿನಿಂದ ಇಣುಕುವ ಕನಕಾಂಬರ, ಹಣೆಯ ಅರ್ಧ. ಅಲ್ಲಿಂದ ಕೆಳಗೆ ಬೂದು ಬಣ್ಣ. ಬರೀ ಬೂದು.

ಅದನ್ನೇ ಪ್ರಿಂಟ್ ಹಾಕಿಸಿಕೊಂಡು ಕಾಗದನಗರಕ್ಕೆ ಹೋದೆ. ರುದ್ರೇಶ ಶಿಫ್ಟಿಗೆ ಹೋಗಿದ್ದ. ಸ್ಫೂರ್ತಿ ಒಬ್ಬಳೇ ಇದ್ದಳು. ಮುಚ್ಚಿಡುವುದು ಸರಿಯಲ್ಲ ಅನ್ನಿಸಿ ಅವಳ ಕೈಗೇ ಕೊಟ್ಟೆ.

‘ಇಷ್ಟೇನಾ ಅಂಕಲ್?’

‘ಇಷ್ಟೇ ಪುಟ್ಟಿ.’

ಬೈತಲೆಯ ಮೇಲೆ ಬೆರಳಿಟ್ಟಳು. ‘ಇದು ಅಮ್ಮನೇ’ ಅಂದಳು. ಆಮೇಲೆ ಅಳತೊಡಗಿದಳು. ಸಮಾಧಾನ ಮಾಡುವುದು ನನಗೆ ಬರುವುದಿಲ್ಲ. ಅಳು ನಿಂತ ಮೇಲೆ ಅವಳು ಹೇಳಿದ್ದು ಇದು:

‘ಅಂಕಲ್, ಫೋಟೋ ಎಲ್ಲಾ ಅಳಿಸಿದ್ದು ನಾನು. ಅಪ್ಪ ತೆಗ್ದಿದ್ರಲ್ಲಿ ಅಮ್ಮಂದೂ ಒಂದಷ್ಟು ಇತ್ತು. ಅಮ್ಮ ಅಡುಗೆಮನೆಯಿಂದ, ನಂದು ಇದ್ರೆ ತೆಗ್ದಾಕೇ, ದೆವ್ವದ ಥರ ಕಾಣ್ತೀನಿ ಅನ್ನೋಳು. ನಾನು ಟಿವಿ ನೋಡ್ತಾ ಒತ್ತಿ ಒತ್ತಿ ತೆಗೀತಿದ್ದೆ. ಅಪ್ಪನಿಗೆ ಹೇಳ್ಬೇಡಿ. ಗೊತ್ತಾದ್ರೆ ನನ್ನ ಮುಖ ನೋಡಲ್ಲ.’

ಈಗಲೂ ನೋಡುತ್ತಿಲ್ಲವಲ್ಲ ಮಗಳೇ, ನೀನೂ ಅವನ ಮುಖ ನೋಡುತ್ತಿಲ್ಲವಲ್ಲ ಅನ್ನಬೇಕೆಂದು ಬಾಯಿಯ ತನಕ ಬಂತು. ಆದರೆ ಅವಳಪ್ಪನಿಗೆ ಕೊಟ್ಟ ಮಾತು ಅಡ್ಡ ಬಂತು. ಅವಳಿಗೂ ಹೂಂ ಅಂದು ಎದ್ದು ಬಂದೆ.

ಬಸ್ಸಿನಲ್ಲಿ ಕೂತು ಯೋಚಿಸಿದೆ. ಒಂದೇ ಸೂರಿನಡಿ ಇಬ್ಬರು. ಒಬ್ಬೊಬ್ಬರೂ ತಾವೇ ಅವಳನ್ನು ಇಲ್ಲವಾಗಿಸಿದ್ದು ಅಂದುಕೊಂಡು, ಇನ್ನೊಬ್ಬರಿಗೆ ಹೆದರಿ ಕೂತಿದ್ದಾರೆ. ಗೋಡೆಯ ಮೇಲಿಂದ ಯಾರದೋ ಕಣ್ಣು ಇಬ್ಬರನ್ನೂ ನೋಡುತ್ತಿದೆ. ಹೋದವಳು ಹೋದಳು. ಆದರೆ ಉಳಿದ ಇಬ್ಬರೂ ಹೀಗೆ ಒಬ್ಬರಿಗೊಬ್ಬರು ಇಲ್ಲವಾಗಿಬಿಟ್ಟರೆ? ಈ ವಾರ ನನಗೆ ಬೇರೇನೂ ಬರೆಯಲಾಗಲಿಲ್ಲ.

ಯಾರಿಗೂ ಬಾಯಿಬಿಟ್ಟು ಹೇಳುವುದಿಲ್ಲ ಅಂತ ಇಬ್ಬರಿಗೂ ಮಾತು ಕೊಟ್ಟಿದ್ದೇನೆ, ಹೇಳಿಲ್ಲ. ಬರೆಯುವುದಿಲ್ಲ ಅಂತ ಯಾರಿಗೂ ಕೊಟ್ಟಿಲ್ಲ. ಹೆಸರುಗಳನ್ನು ಬದಲಾಯಿಸಿದ್ದೇನೆ, ನಿಮಗೆ ಅವರು ಯಾರೆಂದು ತಿಳಿಯುವುದಿಲ್ಲ. ಅವರಿಗೆ ತಿಳಿಯುತ್ತದೆ.

ಈ ಪೇಪರ್ ಆ ಮನೆಗೂ ಬರುತ್ತದೆ. ಇವತ್ತು ಬೆಳಗ್ಗೆ ಅಪ್ಪ ಮಗಳಲ್ಲಿ ಯಾರು ಮೊದಲು ಓದಿದರೋ?