ಪೂಜೆಗೆ ಕೂತ ಸಿಲಿಂಡರ್

ಹುಣಸೂರಿನ ಆ ಖಾಸಗಿ ಆಸ್ಪತ್ರೆಯ ಹೆಸರು ಹೇಳಿ ನನ್ನ ಬಾಯಿ ಹೊಲಸು ಮಾಡಿಕೊಳ್ಳುವುದಿಲ್ಲ. ಅಲ್ಲೊಂದು 'ಕ್ಷಿಪ್ರ ತಂಡ' ಇತ್ತು. ವಾರ್ಡಿನಲ್ಲಿ ಯಾರಿಗಾದರೂ ದಿಢೀರನೆ ಹೆಚ್ಚುಕಮ್ಮಿಯಾದರೆ ಕೆಂಪು ಗುಂಡಿ ಒತ್ತಬೇಕು, ಔಷಧಿ, ಆಕ್ಸಿಜನ್ ಇರುವ ಗಾಡಿ ತಳ್ಳಿಕೊಂಡು ತಂಡ ಓಡಿ ಬರುತ್ತದೆ ಎಂದು ಗೋಡೆಗೋಡೆಯಲ್ಲೂ ಬರೆಸಿದ್ದರು. ಪಿತ್ತಕೋಶದ ಆಪರೇಷನ್ನಿಗೆ ಅಕ್ಕನನ್ನು ಪಿರಿಯಾಪಟ್ಟಣದಿಂದ ಕರೆತಂದವಳು ನಾನೇ. ಅದನ್ನು ಓದಿ ಅಕ್ಕ, "ಮನೇಲಿ ಕರದ್ರೆ ಒಬ್ರೂ ಬರಕಿಲ್ಲ, ಇಲ್ಲಿ ದಂಡೇ ಬತ್ತದಂತೆ ಕಣೇ" ಎಂದು ನಕ್ಕಿದ್ದಳು.

ಆಪರೇಷನ್ ಸುಸೂತ್ರವಾಗಿ ಮುಗಿಯಿತು. ಮಾರನೆಯ ದಿನ ಆಯುಧಪೂಜೆ. ನಮ್ಮ ಕಡೆ ಟ್ರ್ಯಾಕ್ಟರು, ಕುಡುಗೋಲು, ಹೊಲಿಗೆ ಯಂತ್ರ, ಯಾವುದನ್ನೂ ಬಿಡುವುದಿಲ್ಲ. ಇರಲಿ, ನಾನೂ ಮಿಕ್ಸಿಗೆ ಕುಂಕುಮ ಇಡುವವಳೇ. ಮಧ್ಯಾಹ್ನ ಅಕ್ಕನಿಗೆ ಉಸಿರು ಸಿಕ್ಕಿಕೊಂಡಿತು, ತುಟಿ ನೀಲಿಗಟ್ಟಿತು. ಗುಂಡಿ ಒತ್ತಿದೆ. ತಂಡ ಬಂತು. ಸುಳ್ಳು ಯಾಕೆ ಹೇಳಲಿ, ಓಡಿಯೇ ಬಂತು. ಮೈಮೇಲೆ ಹೊಸ ಬಟ್ಟೆ, ಹಣೆಯಲ್ಲಿ ಕುಂಕುಮ, ಕೈಯಲ್ಲಿ ಏನೂ ಇಲ್ಲ.

"ಗಾಡಿ ಎಲ್ರೀ?" ಎಂದು ಕಿರುಚಿದೆ.

"ಪೂಜೆಗಿಟ್ಟವ್ರೆ ಮೇಡಂ."

ಮುಂಬಾಗಿಲಿಗೆ ಓಡಿದೆ. ಗಾಡಿ ಅಲ್ಲಿ ಮದುವಣಗಿತ್ತಿಯ ಹಾಗೆ ಸಿಂಗರಿಸಿಕೊಂಡು ನಿಂತಿತ್ತು. ಸಿಲಿಂಡರಿಗೆ ಚೆಂಡುಹೂವಿನ ಹಾರ, ಔಷಧಿಯ ಡ್ರಾಯರಿಗೆ ಅಡ್ಡಲಾಗಿ ಬಾಳೆಕಂದು, ಚಕ್ರದಡಿ ನಿಂಬೆಹಣ್ಣು. ಕೈ ಹಾಕುತ್ತಿದ್ದಂತೆ ಮ್ಯಾನೇಜರ್ ಮಹಾಶಯ ಅಡ್ಡ ಬಂದ. "ಮುಟ್ಬ್ಯಾಡಿ ಕಣ್ರೀ! ದೊಡ್ಡ ಡಾಕ್ಟ್ರು ಬಂದು ಮಂಗಳಾರ್ತಿ ಆಗ್ಬೇಕು. ದಾರೀಲವ್ರೆ."

"ನಮ್ಮಕ್ಕ ಸಾಯ್ತಾವ್ಳೆ ಕಣಯ್ಯಾ!"

ಅವನನ್ನು ನೂಕಿ, ಹಾರ ಕಿತ್ತೆಸೆದು, ಬಾಳೆಕಂದು ಜಗ್ಗಿ ಬಿಸಾಕಿ ಗಾಡಿ ಎಳೆದೆ. ನನ್ನ ಹಿಂದೆಯೇ ಬಂದು ಅಲ್ಲಿಯವರೆಗೆ ಕೈಕಟ್ಟಿ ನಿಂತಿದ್ದ ತಂಡ ಆಮೇಲೆ ಕೈಜೋಡಿಸಿತು. ಒಬ್ಬನಂತೂ ಬಿದ್ದ ಹೂವು ತುಳಿಯದಂತೆ ಸುತ್ತಿ ಬಳಸಿ ನಡೆದ. ಎಂಥ ಭಕ್ತಿ! ಹಾಸಿಗೆಯ ಮೇಲಿದ್ದ ಜೀವದ ಬಗ್ಗೆ ಅದರಲ್ಲಿ ಕಾಲು ಪಾಲು ಇದ್ದಿದ್ದರೆ ಸಾಕಿತ್ತು.

ಅಕ್ಕನನ್ನು ಅಂದೇ ಮೈಸೂರಿಗೆ ಸಾಗಿಸಿದೆವು. ಜೀವ ಉಳಿಯಿತು, ಆದರೆ ಉಸಿರಿಲ್ಲದೆ ಮೆದುಳಿಗೆ ಪೆಟ್ಟಾಗಿದೆ ಎಂದರು ಅಲ್ಲಿನ ಡಾಕ್ಟರು. ಹುಣಸೂರಿಗೆ ಹೋಗಿ ಜಗಳ ತೆಗೆದರೆ ಆ ಮ್ಯಾನೇಜರ್, "ನಮ್ ತಂಡ ಎಷ್ಟ್ ಬೇಗ ಬಂತು, ನೀವೇ ನೋಡುದ್ರಲ್ಲ. ಪೂಜೆ ಕೆಡುಸ್ಬಾರ್ದಿತ್ತು ಬುಡಿ" ಎಂದ. ಅವನ ಮುಖಕ್ಕೆ ಉಗಿಯಲಿಲ್ಲ. ನನ್ನ ಎಂಜಲಿಗೂ ಒಂದು ಮರ್ಯಾದೆ ಇದೆ.

ಅಕ್ಕ ಮನೆಗೆ ಬಂದ ಮೇಲೆ ಒಂದು ಬೆಳಿಗ್ಗೆ ಗಂಜಿ ಕುಡಿಸಲು ಹೋದೆ. ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು, ಚಮಚ ಹಿಡಿದ ನನ್ನ ಮುಖವನ್ನೇ ದಿಟ್ಟಿಸಿ, ತುಂಬ ವಿನಯದಿಂದ ಕೇಳಿದಳು:

"ನೀವು ಯಾರ ಕಡೆಯೋರವ್ವಾ?"