ಅಕ್ಕನ ಭೂತಗನ್ನಡಿ

ಹರಿಹರದಿಂದ ಅಕ್ಕನ ಫೋನ್ ಬಂದಾಗ ನಾನು ದಾವಣಗೆರೆಯ ಪಿ.ಜೆ. ಬಡಾವಣೆಯ ನನ್ನ ಡಿಟಿಪಿ ಅಂಗಡಿಯಲ್ಲಿ ಯಾರದೋ ಲಗ್ನಪತ್ರಿಕೆಗೆ ಹೂಬಳ್ಳಿ ಜೋಡಿಸುತ್ತಾ ಕೂತಿದ್ದೆ.

"ಕಂಪ್ಯೂಟರಿನ ಭೂತಗನ್ನಡಿ ಹೋಗೈತೆ ಕಣೇ. ಬರ್ತೀಯಾ? ನಿಮ್ ಭಾವಂಗೆ ಹೇಳ್ಬ್ಯಾಡ."

ಪರದೆಯ ಮೇಲಿನದನ್ನು ದೊಡ್ಡದು ಮಾಡಿ ತೋರಿಸುವ ಆ ಸೌಲಭ್ಯ ಕಂಪ್ಯೂಟರಿನೊಳಗೇ ಇರುತ್ತದೆ. ಅಕ್ಕನಿಗೆ ಸಣ್ಣ ಅಕ್ಷರ ಮಂಜಾಗತೊಡಗಿದಾಗ ನಾನೇ ತೋರಿಸಿಕೊಟ್ಟಿದ್ದೆ. ಅದರಲ್ಲೇ ಪತ್ರಿಕೆ ಓದುತ್ತಿದ್ದಳು, ಹಳೆಯ ಫೋಟೊಗಳೊಳಗೆ ಅಲೆಯುತ್ತಿದ್ದಳು. ಅಮ್ಮನ ಸೀರೆಯ ಅಂಚು ಇಡೀ ಪರದೆ ತುಂಬಿ ಕೆಂಪು ಹೊಲದ ಹಾಗೆ ಹರಡಿದರೆ ಅಲ್ಲೇ ಬಹಳ ಹೊತ್ತು ಉಳಿದುಬಿಡುತ್ತಿದ್ದಳು. ಭಾವನಿಗೆ ಇದೊಂದೂ ಗೊತ್ತಿರಲಿಲ್ಲ.

ಮಧ್ಯಾಹ್ನದ ಬಸ್ಸು ಹಿಡಿದೆ. ಕಿಟಕಿಯಾಚೆ ಭತ್ತದ ಗದ್ದೆಗಳು ಬಿಸಿಲಲ್ಲಿ ತೂಕಡಿಸುತ್ತಿದ್ದವು, ಈಚೆ ನಾನು.

ಭಾವ ಊಟ ಮಾಡಿ ಮಲಗಿದ್ದರು. ಅಕ್ಕ ಮೆಲ್ಲಗೆ ಗುಂಡಿ ಒತ್ತಿ ತೋರಿಸಿದಳು. ಇದಕ್ಕೆ ಇಲ್ಲಿ ನಿರ್ಬಂಧವಿದೆ, ಅಡ್ಮಿನಿಸ್ಟ್ರೇಟರನ್ನು ಕೇಳಿ ಎಂಬ ಸಂದೇಶ ಬಂತು.

"ಯಾರೇ ಅವ್ರು?" ಎಂದಳು ಅಕ್ಕ.

"ನಾನೇ ಬಂದ್ ಮಾಡಿಸ್ದೆ." ಭಾವ ಎದ್ದು ಬಂದು ಬಾಗಿಲಲ್ಲಿ ನಿಂತಿದ್ದರು. "ಗ್ಯಾಸ್ ಬುಕ್ ಮಾಡಾಕೆ ಕೂತ್ರೆ ಸ್ಕ್ರೀನೆಲ್ಲ ಉಬ್ಕಂಡು ಓಡಾಡ್ತಿತ್ತು. ವೈರಸ್ ಅನ್ಕಂಡು ರಿಪೇರಿಯವ್ನ ಕರೆಸಿದ್ದೆ."

ಅಕ್ಕ ಗುಂಡಿಯ ಮೇಲಿಂದ ಕೈ ತೆಗೆದಳು.

"ಅದ್ರಾಗೇ ನಾನು ಓದ್ತಿದ್ದೆ ರೀ."

"ಯಾಕ, ಕಣ್ಣು ಕಾಣಲ್ವಾ?"

"ಸಣ್ಣದು ಕಾಣಲ್ಲ. ಹೇಳಿದ್ರೆ ಇನ್ನು ಹೊಲಿಯಾದು ಬ್ಯಾಡ ಅಂದು ನನ್ ಹೊಲಿಗೆ ಮಷೀನ್ ಎತ್ತಿಟ್ಬಿಡ್ತೀರಿ ಅಂತ..."

ಭಾವ ಒಳಗಿಂದ ಒಂದು ಕುರ್ಚಿ ತಂದು ಅವಳ ಪಕ್ಕ ಹಾಕಿಕೊಂಡು ಕೂತರು. ಆಮೇಲೆ ನನ್ನ ಕಡೆ ತಿರುಗಿ, "ಮೊದ್ಲು ಹೆಂಗಿತ್ತೋ ಹಂಗೆ ಮಾಡಮ್ಮ," ಎಂದರು.

ಕಂಪ್ಯೂಟರಿನ ಒಳ ಸೆಟ್ಟಿಂಗುಗಳಿರುವ ರಿಜಿಸ್ಟ್ರಿ ತೆರೆದೆ. ಏನಾದರೂ ಕೆಟ್ಟರೆ ಇರಲಿ ಎಂದು ಮೊದಲೇ ಅದರ ಪ್ರತಿ ಉಳಿಸಿಕೊಂಡೆ. ತೆರೆಯಬಾರದ ಪ್ರೋಗ್ರಾಮುಗಳ ಜಾಗದಲ್ಲಿ ಭೂತಗನ್ನಡಿಯ ಹೆಸರೊಂದೇ ಇತ್ತು. ಅಳಿಸಿ, ಕಂಪ್ಯೂಟರನ್ನು ಮತ್ತೆ ಶುರು ಮಾಡಿದೆ. ಪರದೆ ಕಪ್ಪಾಗಿ ಬೆಳಗುವವರೆಗೆ ಮೂವರೂ ಅದನ್ನೇ ನೋಡುತ್ತಿದ್ದೆವು.

ಅಕ್ಕ ತೆರೆದದ್ದು ತುಂಗಭದ್ರೆಯ ದಂಡೆಯಲ್ಲಿ ಅವರಿಬ್ಬರೂ ನಿಂತ ಫೋಟೊ. ದೊಡ್ಡದು ಮಾಡಿದಳು. ಇಬ್ಬರ ಮುಖಗಳೂ ಪಕ್ಕಕ್ಕೆ ಜಾರಿದವು, ಹಿಂದಿನ ನೀರು ಬಂತು, ಬರೀ ನೀರು, ಅದರ ಮೇಲೆ ನಡುಗುವ ಬೆಳಕು. ಅವಳು ಹೊಳೆಯ ಗುಂಟ ನಿಧಾನವಾಗಿ ಸಾಗಿದಳು. ಕೋಣೆಯೊಳಗೂ ತಂಪಾದಂತೆನಿಸಿತು ನನಗೆ.

"ತಡಿ, ತಡಿ," ಎಂದರು ಭಾವ, ಮುಂದಕ್ಕೆ ಬಾಗಿ. "ಅಲ್ಲಿ ಯಾರೋ ಬಟ್ಟೆ ಒಣಗಾಕ್ಯಾರೆ. ಇಷ್ಟು ವರ್ಷ ನಾನು ನೋಡೇ ಇಲ್ಲ."

ಮುಂದಿನ ವಾರ ಅವಳನ್ನು ದಾವಣಗೆರೆಯ ಕಣ್ಣಿನ ಡಾಕ್ಟರ ಹತ್ತಿರ ಅವರೇ ಕರೆತಂದರು. ಕಳೆದದ್ದು ಮರಳುವುದಿಲ್ಲ, ಉಳಿದದ್ದನ್ನು ಜೋಪಾನ ಮಾಡಬಹುದು ಎಂದರಂತೆ ಡಾಕ್ಟರು. ಅಕ್ಕ ಹೆದರಿದ್ದಳು. ಆದರೆ ವಾಪಸ್ ಹೋಗುವಾಗ ಬಸ್ಸಿನಲ್ಲಿ ತಮ್ಮ ಭುಜಕ್ಕೊರಗಿ ನಿದ್ದೆ ಮಾಡಿದಳೆಂದು ಭಾವ ಹೇಳಿದರು.

ಈಗ ಸಂಜೆ ಫೋನ್ ಮಾಡಿದರೆ ಎತ್ತುವವರು ಕಂಪ್ಯೂಟರಿನ ಮುಂದೆ ಅಕ್ಕನ ಪಕ್ಕ ಕೂತಿರುವ ಭಾವನೇ.

"ಆಮ್ಯಾಲೆ ಮಾಡಮ್ಮ. ನಾವೀಗ ಮಾಯಕೊಂಡದ ನಿಮ್ಮಜ್ಜಿ ಮನೆ ಹಿತ್ಲಾಗ ಇದೀವಿ."